ಅಣಬೆ ಕಲ್ಚರ್ ಪ್ಲೇಟ್‌ಗೆ ಯಾವ ಸಾಮಾನಿಗೆ ದುಡ್ಡು ಹಾಕ್ಬೇಕು, ಯಾವುದಕ್ಕೆ ಬೇಡ

ಅಣ್ಣಾ, ಆಯ್ಸ್ಟರ್ ಅಣಬೆ ಮದರ್ ಕಲ್ಚರ್ (ಬಿತ್ತನೆಗೆ ಮೂಲವಾಗೋ ಶುದ್ಧ ಅಣಬೆ ಬೆಳೆ) ಮನೇಲೇ ಮಾಡ್ತಿದೀನಿ, ಅದನ್ನ ಬೆಳೆಸೋ ಪ್ಲೇಟೆಲ್ಲ ಹಸಿರು ಬೂಸ್ಟು ಹಿಡೀತಿದೆ, ಅಂಗಡಿಯವ್ರು ಕೆಮಿಕಲ್ ಎಲ್ಲ ಎಆರ್ ಗ್ರೇಡೇ (ಅತಿ ಶುದ್ಧ, ದುಬಾರಿ ದರ್ಜೆ) ತಗೊಳ್ಳಿ ಅಂತಾರೆ, ತಗೊಳ್ಳಲಾ ಅಂತ ಕೇಳಿದೀರ. ದಯವಿಟ್ಟು ಬೇಡ. ಗ್ರೇಡ್ ಹೇಳೋದು ಆ ಪುಡೀಲಿ ಬೇರೆ ಲವಣ ಗಿವಣ ಎಷ್ಟು ಬೆರೆತಿದೆ ಅಂತ ಅಷ್ಟೇ, ಬೂಸ್ಟಿನ ಬೀಜಕಣ ಇಲ್ಲ ಅಂತಲ್ಲ. ಎಷ್ಟೇ ದುಬಾರಿ ಡಬ್ಬಿ ಆದ್ರೂ ಕುಕ್ಕರಿಗೆ ಹೋಗ್ಲೇಬೇಕು.

ಪಿಡಿಎ ಮೀಡಿಯಾ, ಅಂದ್ರೆ ಪ್ಲೇಟಲ್ಲಿ ಅಣಬೆ ಬೆಳೆಯೋಕೆ ಹಾಕೋ ಆಹಾರ, ನೀವೇ ಮಾಡ್ಕೋಬಹುದು. 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ನೀರು, 20 ಗ್ರಾಂ ಡೆಕ್ಸ್‌ಟ್ರೋಸ್ (ಒಂದು ಥರ ಸಕ್ಕರೆ), ಅದನ್ನ ಗಟ್ಟಿ ಮಾಡೋಕೆ 15ರಿಂದ 20 ಗ್ರಾಂ ಅಗರ್, ಎಲ್ಲ ಸೇರಿ 1 ಲೀಟರ್. ಡೆಕ್ಸ್‌ಟ್ರೋಸ್ ಎಲ್‌ಆರ್ ಗ್ರೇಡ್ (ಮಾಮೂಲಿ ಲ್ಯಾಬ್ ದರ್ಜೆ) ಧಾರಾಳ ಸಾಕು. ರೆಡಿ ಪುಡಿ ಆದ್ರೆ ಸಾಮಾನ್ಯವಾಗಿ ಲೀಟರಿಗೆ 39 ಗ್ರಾಂ, ಡಬ್ಬಿ ಮೇಲೆ ಬರೆದಿರತ್ತೆ ನೋಡಿ. ಆದ್ರೆ 500 ಗ್ರಾಂ ಡಬ್ಬಿ ತಗೋಬೇಡಿ, 12 ಲೀಟರ್ ಮೇಲೆ ಮೀಡಿಯಾ ಆಗತ್ತೆ, ನೀವದನ್ನ ಖಾಲಿ ಮಾಡೋ ಹೊತ್ತಿಗೆ ಮಳೆಗಾಲದ ಪಸೆ ಹೀರ್ಕೊಂಡು ಗಡ್ಡೆ ಕಟ್ಟಿರತ್ತೆ.

ದುಡ್ಡು ಹಾಕೋದಾದ್ರೆ ಅಗರ್‌ಗೆ ಹಾಕಿ. ಕಿರಾಣಿ ಅಂಗಡಿ ಚೈನಾಗ್ರಾಸೂ ಅಗರ್ರೇ, ಆದ್ರೆ ಒಂದೊಂದು ಪ್ಯಾಕೆಟ್ ಒಂದೊಂದು ಥರ ಗಟ್ಟಿಯಾಗತ್ತೆ. ಅಗರ್ ಬದಲು ಜೆಲಾಟಿನ್ ಸಾಕು ಅಂತ ಯಾರೋ ಅಂದಿದಾರೆ, ಸಾಕಾಗಲ್ಲ, ನಮ್ಮ ಬೇಸಿಗೇಲಿ ಕರಗಿ ನೀರಾಗತ್ತೆ. 1881ರ ಸುಮಾರಿಗೆ ಜರ್ಮನೀಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಅವ್ರ ಲ್ಯಾಬಲ್ಲೂ ಇದೇ ಗೋಳು, ಆಗ ಫ್ಯಾನಿ ಹೆಸ್ಸೆ ಅನ್ನೋ ಹೆಣ್ಣುಮಗಳು ಅಡುಗೇಲಿ ಬಳಸ್ತಿದ್ದ ಅಗರ್ ಹಾಕಿ ನೋಡಿ ಅಂದಿದ್ದು, ಇವತ್ತಿಗೂ ಜಗತ್ತಿನ ಲ್ಯಾಬುಗಳೆಲ್ಲ ಅದರ ಮೇಲೇ ನಡೀತಿವೆ. ಆಕೆ ಹೆಸ್ರು ನಮ್ಮ ಮಕ್ಕಳ ಪಾಠದಲ್ಲಿ ಬರ್ಬೇಕು ಅಂತ ನನಗೆ ತುಂಬಾ ಆಸೆ.

ಪ್ಲೇಟ್ ವಿಷಯ. ನೀವು ಡಿಸ್ಪೋಸಬಲ್ ಪ್ಲೇಟ್ ಸೋಪಲ್ಲಿ ತೊಳೆದು ಮತ್ತೆ ಬಳಸ್ತಿದೀರಲ್ಲ, ಅದನ್ನ ಇವತ್ತೇ ಬಿಡಿ. ಅದು ಪಾಲಿಸ್ಟೈರೀನ್, ಸ್ಟೆರೈಲ್ ಆಗಿ ಪ್ಯಾಕ್ ಆಗಿ ಬರತ್ತೆ, ಒಂದ್ಸಲಕ್ಕೆ ಮಾತ್ರ, ಕುಕ್ಕರಿಗೆ ಹಾಕಿದ್ರೆ ಸೊಟ್ಟಗಾಗತ್ತೆ. ಮತ್ತೆ ಮತ್ತೆ ಬೇಕಂದ್ರೆ ಬೋರೋಸಿಲಿಕೇಟ್ ಗಾಜಿಂದು ತಗೊಳ್ಳಿ, ಪೇಪರಲ್ಲಿ ಸುತ್ತಿ ಕುಕ್ಕರಲ್ಲಿಡಬಹುದು. ಪ್ಲೇಟ್ ಅಂಚು ಮುಚ್ಚೋಕೆ ಸುತ್ತೋ ಪ್ಯಾರಾಫಿಲ್ಮ್ ಸಿಗದಿದ್ರೆ ಅಡುಗೆಮನೆ ಕ್ಲಿಂಗ್ ಫಿಲ್ಮ್ ಪಟ್ಟಿ ಕತ್ತರಿಸಿ ಸುತ್ತಿ.

ಕುಕ್ಕರಲ್ಲಿ 15 ಪಿಎಸ್‌ಐ ಒತ್ತಡ, ಅಂದ್ರೆ 121 ಡಿಗ್ರಿ, 20 ನಿಮಿಷ. ಮೊದ್ಲು ವೆಯ್ಟ್ ಹಾಕದೇ ಆವಿ ಜೋರಾಗಿ ಬರ್ಲಿ, ಒಳಗಿನ ಗಾಳಿಯೆಲ್ಲ ಹೋದ್ಮೇಲೆ ವೆಯ್ಟ್ ಹಾಕಿ, ಪ್ರೆಷರ್ ಪೂರ್ತಿ ಏರಿದ್ಮೇಲೆ ಟೈಮ್ ಎಣಿಸಿ. ಬಾಟಲ್ ಮುಚ್ಚಳ ಸಡಿಲ ಇರ್ಲಿ. ಮೀಡಿಯಾ ಕೈಯಲ್ಲಿ ಹಿಡಿಯೋ ಅಷ್ಟು ಆರಿದ್ಮೇಲೆ ಸುರೀರಿ, ಇಲ್ಲಾಂದ್ರೆ ಮುಚ್ಚಳದಲ್ಲಿ ನೀರು ಕಟ್ಟತ್ತೆ.

ಕೈ, ಟೇಬಲ್ ಒರೆಸೋ ಸ್ಪಿರಿಟ್ 70 ಪರ್ಸೆಂಟೇ ಇರ್ಲಿ, ಸ್ಟ್ರಾಂಗ್ ಇದ್ರೆ ಒಳ್ಳೇದು ಅಂತ 99ರದ್ದು ಹಾಗೇ ಹಾಕ್ಬೇಡಿ, ನೀರಿನಂಶ ಇದ್ರೇನೇ ಕ್ರಿಮಿ ಸಾಯೋದು. ದೀಪ ಹಚ್ಚಿದ್ಮೇಲೆ ಸ್ಪ್ರೇ ಮುಟ್ಟಲೇಬೇಡಿ ಅಣ್ಣಾ, ಬೆಂಕಿ ಹಿಡಿಯೋಕೆ ಕ್ಷಣ ಸಾಕು.

ಮೀಡಿಯಾಕ್ಕೆ ಹಾಕೋ ಸ್ಟ್ರೆಪ್ಟೊಮೈಸಿನ್ ಅನ್ನೋ ಆಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ, ಹಸಿರು ಬೂಸ್ಟಿಗೆ ಏನೂ ಮಾಡಲ್ಲ, ಆ ಖರ್ಚು ಉಳಿಸಿ. ನನಗೆ ಅನುಮಾನ ಇರೋದು ನಿಮ್ಮ ಫೋಟೋದಲ್ಲಿ ಟೇಬಲ್ ಹಿಂದೆ ಕಾಣೋ ಟ್ರೈಕೋಡರ್ಮಾ (ಬೆಳೆ ರೋಗ ತಡೆಯೋಕೆ ಗೊಬ್ಬರಕ್ಕೆ ಬೆರೆಸೋ ಹಸಿರು ಬೂಸ್ಟು) ಚೀಲದ ಮೇಲೆ. ಅಡಿಕೆ, ಶುಂಠಿಗೆ ಅದು ದೇವ್ರು, ಅಣಬೆಗೆ ಅದೇ ಯಮ. ಚೀಲನ ಬೇರೆ ಕಟ್ಟಡಕ್ಕೆ ಸಾಗಿಸಿ, ಗೊಬ್ಬರಕ್ಕೆ ಬೆರೆಸಿದ ದಿನ ಅದೇ ಬಟ್ಟೇಲಿ ಕಲ್ಚರ್ ಕೆಲಸಕ್ಕೆ ಕೂರ್ಬೇಡಿ.

ಮುಂದಿನ ಸಲ ಎರಡು ಪ್ಲೇಟ್‌ಗೆ ಅಣಬೆ ತುಂಡು ಇಡದೇ ಖಾಲಿ ಬಿಡಿ. ಒಂದನ್ನ ಬೇಗ ಮುಚ್ಚಿ, ಇನ್ನೊಂದನ್ನ ನೀವು ಕೆಲಸ ಮಾಡೋ ಅಷ್ಟು ಹೊತ್ತು ತೆರೆದಿಟ್ಟು ಮುಚ್ಚಿ. ಎರಡ್ರಲ್ಲೂ ಬೂಸ್ಟು ಬಂದ್ರೆ ಕುಕ್ಕರ್ ಅಥವಾ ಪ್ಲೇಟ್ ದೋಷ, ತೆರೆದಿದ್ರಲ್ಲಿ ಮಾತ್ರ ಬಂದ್ರೆ ರೂಮಿನ ಗಾಳಿ, ಎರಡೂ ಶುದ್ಧ ಇದ್ದು ತುಂಡಿನ ಸುತ್ತ ಮಾತ್ರ ಬಂದ್ರೆ ಅಣಬೇಲೇ ಇತ್ತು ಅಂತ. ಕೆಟ್ಟ ಪ್ಲೇಟ್ ಮುಚ್ಚಳ ತೆಗೆದು ಮೂಸ್ಬೇಡಿ, ಕವರಲ್ಲಿ ಹಾಕಿ ಕುಕ್ಕರಲ್ಲಿ ಬೇಯ್ಸಿ ಆಮೇಲೆ ಬಿಸಾಕಿ, ಅದಕ್ಕೆ ಬೇರೆ ಹಳೇ ಕುಕ್ಕರ್ ಇಟ್ಕೊಳ್ಳಿ. ಖಾಲಿ ಪ್ಲೇಟ್‌ದು ಒಂದು ವಾರ ಆದ್ಮೇಲೆ ಫೋಟೋ ಹಾಕಿ, ನೋಡಿ ಹೇಳ್ತೀನಿ.