ನಿಜ ಬರೆದರೆ ಮಗುವನ್ನು ಕಿತ್ಕೊಳ್ತಾರಾ?

ಪ್ರಶ್ನೆ: ಮಗಳ ಬಾಣಂತನಕ್ಕೆ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದಿದ್ದೇನೆ. ಮಗುವಿಗೆ ಐದು ವಾರ. ಮಗಳು ಸುಮ್‌ಸುಮ್ನೆ ಅಳ್ತಾಳೆ. ಮಗು ಮಲಗಿದರೂ ಅವಳಿಗೆ ನಿದ್ದೆ ಇಲ್ಲ. ಡಾಕ್ಟರು ಹತ್ತು ಪ್ರಶ್ನೆಯ ಫಾರ್ಮ್ ಕೊಟ್ಟರೆ, ಎಲ್ಲ ಚೆನ್ನಾಗಿದೆ ಅಂತ ಗುರುತು ಹಾಕಿ ಬಂದಳು. ನಿಜ ಬರೆದರೆ ಮಗುವನ್ನು ಕಿತ್ಕೊಳ್ತಾರೆ ಅನ್ನೋ ಭಯ. ಅಮೆರಿಕದ ಸಂಸತ್ತಿನಲ್ಲಿ ‘ಮಾಮ್ಸ್ ಮ್ಯಾಟರ್’ ಮಸೂದೆ ಪಾಸಾದರೆ ಅನುಕೂಲ ಆಗುತ್ತೆ ಅಂತಾನೆ ಅಳಿಯ. ಕಾಯೋಣವೇ?

ಉತ್ತರ: ಕಾಯಬೇಡಿ. ಆ ಮಸೂದೆ ಸಂಸದೆ ಲಾರೆನ್ ಅಂಡರ್‌ವುಡ್ ಮುಂದಾಳತ್ವದ ‘ಮಾಮ್ನಿಬಸ್’ ಅನ್ನುವ, ತಾಯಂದಿರ ಆರೋಗ್ಯದ ಮಸೂದೆಗಳ ಕಂತೆಯ ಒಂದು ಭಾಗ. 2020ರಿಂದ ಮತ್ತೆ ಮತ್ತೆ ಮಂಡನೆಯಾಗಿದೆ. ಊರೂರಿನ ಆರೈಕೆ ಕೇಂದ್ರಗಳಿಗೆ ಹಣ ಕೊಡಬೇಕು, ತಾಯಂದಿರ ಮನಸ್ಸು ನೋಡುವವರನ್ನು ಜಾಸ್ತಿ ತಯಾರು ಮಾಡಬೇಕು ಅನ್ನುವುದು ಅದರ ತಿರುಳು. ಬೇಕಾದದ್ದೇ. ಫಾರ್ಮ್ ತುಂಬಿಸೋದು ಸುಲಭ, ಅದರಲ್ಲಿ ತೊಂದರೆ ಇದೆ ಅಂತ ಕಂಡ ತಾಯಿಗೆ ಬೇಗ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ.

ಆದರೆ ನಿಮ್ಮ ಮಗಳಿಗೆ ಬೇಕಾದ ಬಾಗಿಲು ಆಗಲೇ ತೆರೆದಿದೆ. ಬಾಣಂತಿಯರ ಮನಸ್ಸಿನ ತಪಾಸಣೆ ಕಡ್ಡಾಯ ಮಾಡಿದ ಮೊದಲ ರಾಜ್ಯವೇ ನ್ಯೂಜೆರ್ಸಿ, 2006ರಲ್ಲಿ. ತಮ್ಮ ಖಿನ್ನತೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದ ಮೇರಿ ಜೋ ಕೋಡಿ ಅದರ ಹಿಂದೆ ಇದ್ದರು. ಅವರು ಆ ರಾಜ್ಯದ ಮಾಜಿ ಗವರ್ನರ್ ಹೆಂಡತಿ.

ಮಗಳಿಗೆ ಕೊಟ್ಟದ್ದು ಬಹುಶಃ ಬಾಣಂತಿಯರ ಖಿನ್ನತೆ ಗುರುತಿಸುವ ಎಡಿನ್‌ಬರೋ ಪ್ರಶ್ನಾವಳಿ. ಕಳೆದ 7 ದಿನ ಹೇಗಿತ್ತು ಅಂತಷ್ಟೇ ಅದು ಕೇಳುತ್ತದೆ. ನಗು ಬರುವ ವಿಷಯಕ್ಕೆ ನಗು ಬಂತಾ, ಕಾರಣವಿಲ್ಲದೆ ಗಾಬರಿ ಆಯ್ತಾ, ಹೀಗೆ. ಒಟ್ಟು 30 ಅಂಕ. ಅಂಕ ಜಾಸ್ತಿ ಬಂದರೆ ಕಾಯಿಲೆ ಅಂತಲ್ಲ, ಡಾಕ್ಟರು ಕೂತು ಮಾತಾಡಬೇಕು ಅಂತ. ಹತ್ತನೆಯದು, ತನಗೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂತಾ ಅನ್ನುವುದು. ಅದಕ್ಕೆ ‘ಹೌದು’ ಅಂದರೆ ಅವತ್ತೇ ವಿಚಾರಿಸುತ್ತಾರೆ. ಖಿನ್ನತೆ ಇದೆ ಅನ್ನುವ ಒಂದೇ ಕಾರಣಕ್ಕೆ ಯಾರೂ ಮಗುವನ್ನು ಕಿತ್ಕೊಳ್ಳೋದಿಲ್ಲ. ಇದನ್ನು ಮಗಳಿಗೆ ನೀವೇ ಹೇಳಿ, ಅಮ್ಮ ಹೇಳಿದರೆ ಬೇರೆ.

ಹೆರಿಗೆಯಾದ ಮೊದಲ ಎರಡು ವಾರದ ಅಳು ಎಷ್ಟೋ ಜನಕ್ಕೆ ತಾನಾಗಿಯೇ ಹೋಗುತ್ತದೆ. ಐದನೇ ವಾರಕ್ಕೂ ಇದ್ದರೆ ಚಿಕಿತ್ಸೆ ಬೇಕು. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ. ಡಾಕ್ಟರಿಗೆ ಫೋನ್ ಮಾಡಿ, ಫಾರ್ಮ್ ಮತ್ತೆ ತುಂಬುತ್ತೇನೆ ಅಂದರೆ ಸಾಕು. ಆಗ ನೀವು ಹೊರಗೆ ಕೂತಿರಿ. ಅಮ್ಮ, ಅತ್ತೆ ಪಕ್ಕದಲ್ಲಿದ್ದರೆ ನಮ್ಮ ಹೆಣ್ಣುಮಕ್ಕಳು ‘ಆರಾಮಾಗಿದ್ದೀನಿ’ ಅಂತಲೇ ಬರೆಯೋದು, ಅಲ್ವಾ?

ರಾತ್ರಿ ಹೊತ್ತು ಮಾತಾಡಬೇಕು ಅನ್ನಿಸಿದರೆ ತಾಯಂದಿರಿಗೆಂದೇ ಸರ್ಕಾರದ ಉಚಿತ ಸಹಾಯವಾಣಿ ಇದೆ: 1-833-852-6262. 2022ರಲ್ಲಿ ಶುರುವಾದದ್ದು, 24 ಗಂಟೆಯೂ ಸಿಗುತ್ತದೆ. ನೀವೂ ಮಾಡಬಹುದು.

ಒಂದು ವಿಷಯಕ್ಕೆ ಮಾತ್ರ ತಡ ಮಾಡಬೇಡಿ. ಇಲ್ಲದ ದನಿ ಕೇಳಿಸುತ್ತದೆ ಅಂದರೆ, ಮಗುವಿನ ಬಗ್ಗೆ ವಿಚಿತ್ರ ಅನುಮಾನ ಪಟ್ಟರೆ, ನಿದ್ದೆಯೇ ಬೇಡ ಅನ್ನುವಂತೆ ಓಡಾಡಿದರೆ ಅದು ನಮ್ಮ ಅಜ್ಜಿಯರು ಹೇಳುವ ಬಾಣಂತಿ ಸನ್ನಿ. ಸಾವಿರಕ್ಕೆ ಒಬ್ಬರೋ ಇಬ್ಬರಿಗೋ ಬರುವಂಥದ್ದು. ಆಗ ಸೀದಾ ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ತಾಯಿ, ಮಗು ಇಬ್ಬರನ್ನೇ ಬಿಟ್ಟು ಪಕ್ಕದ ಕೋಣೆಗೂ ಹೋಗಬೇಡಿ.