ಮಾಯಾಮನೆಯಲ್ಲಿ ಮಾಯೆ ಎಷ್ಟಿರಬೇಕು?

ಮಕ್ಕಳ ಕಾದಂಬರಿಗೆಂದು ಮಾಯಾಮನೆ ಕಟ್ಟುತ್ತಿದ್ದೀರಿ. ಮಾತನಾಡುವ ಬಾಗಿಲು, ಜಾಗ ಬದಲಿಸುವ ಮೆಟ್ಟಿಲು ಎಲ್ಲ ಇದ್ದರೂ ಜೀವ ಬರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಮೊದಲು ಆ ಬಾಗಿಲಿನ ಬಾಯಿ ಮುಚ್ಚಿಸಿ. ತಮಾಷೆಗೆ ಹೇಳುತ್ತಿಲ್ಲ.

ಲೂಸಿ ಬಾಸ್ಟನ್ ಅವರ 'ದಿ ಚಿಲ್ಡ್ರನ್ ಆಫ್ ಗ್ರೀನ್ ನೋ' 1954ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ. ಟಾಲಿ ಎಂಬ ಹುಡುಗ ಕ್ರಿಸ್‌ಮಸ್ ರಜೆಗೆ ಮುತ್ತಜ್ಜಿಯ ಮನೆಗೆ ಬರುತ್ತಾನೆ. ನೆರೆ ಬಂದು ಸುತ್ತಲೂ ನೀರು. ದೋಣಿಯಲ್ಲೇ ಮನೆ ಸೇರಬೇಕು. ಅವನಿಗೆ ಮಲಗಲು ಕೊಟ್ಟ ಕೋಣೆಯಲ್ಲಿ ತೂಗುಕುದುರೆ, ಖಾಲಿ ಪಂಜರ, ಒಂದು ಬೊಂಬೆಮನೆ. ಬೊಂಬೆಮನೆಯನ್ನು ತೆರೆದು ನೋಡಿದರೆ ಅದು ಇದೇ ಮನೆ! ಅದೇ ಹಜಾರ, ಅದೇ ಮೆಟ್ಟಿಲು, ತನ್ನದೇ ಕೋಣೆ, ಒಳಗೆ ಪುಟಾಣಿ ಕುದುರೆ, ಪುಟಾಣಿ ಪಂಜರ. ಮಂಚ ಮಾತ್ರ ನಾಲ್ಕು. ಬೇರೆ ಮಕ್ಕಳೂ ಇರುತ್ತಾರೆಯೇ ಎಂದು ಕೇಳಿದರೆ ಅಜ್ಜಿ, ಹೌದು, ಒಮ್ಮೊಮ್ಮೆ ಇರುತ್ತಾರೆ ಎನ್ನುತ್ತಾಳೆ. ಆ ಮಕ್ಕಳು ಹದಿನೇಳನೇ ಶತಮಾನದ ಪ್ಲೇಗಿನಲ್ಲಿ ತೀರಿಕೊಂಡವರು ಎಂಬುದು ತಿಳಿಯುವುದು ಆಮೇಲೆ. ತೋಟದಲ್ಲಿ ಶಾಪ ಹೊತ್ತ ಮರವೊಂದು ಹೆದರಿಸುವ ಪ್ರಸಂಗವೂ ಇದೆ. ಆ ನಾಲ್ಕು ಮಂಚಗಳ ಮುಂದೆ ನನಗದು ಸಪ್ಪೆ ಎನಿಸಿತು.

ಬಾಸ್ಟನ್ ಆ ಮನೆಯನ್ನು ಗಾಳಿಯಲ್ಲಿ ಕಟ್ಟಲಿಲ್ಲ, ಅದರಲ್ಲೇ ವಾಸವಿದ್ದರು. ಹೆಮಿಂಗ್‌ಫರ್ಡ್ ಗ್ರೇ ಎಂಬ ಹಳ್ಳಿಯ ನದಿಯಂಚಿನಲ್ಲಿ, ಸುಮಾರು 1130ರ ದಶಕದಲ್ಲಿ ಎದ್ದ ಕಲ್ಲಿನ ಮನೆ. 1939ರಲ್ಲಿ ಕೊಂಡು, ದುರಸ್ತಿ ಮಾಡಿಸಿ, ಹದಿನೈದು ವರ್ಷ ಬಾಳಿದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ ಈ ಪುಸ್ತಕ ತಂದರು. ಚಿತ್ರ ಬರೆದ ಮಗ ಪೀಟರ್ ವಾಸ್ತುಶಿಲ್ಪಿ. ಪುಟಗಳಲ್ಲಿ ಗೋಡೆಗಳಿಗೆ ತೂಕವಿರುವುದು ಸುಮ್ಮನೆ ಅಲ್ಲ.

ನೀವೂ ಮನೆಯ ನಕ್ಷೆ ಬರೆದುಕೊಳ್ಳಿ. ಎಷ್ಟನೇ ಮೆಟ್ಟಿಲು ಕಿರುಗುಟ್ಟುತ್ತದೆ, ಮಳೆಗಾಲದಲ್ಲಿ ಯಾವ ಬಾಗಿಲು ಉಬ್ಬಿ ಹಿಡಿದುಕೊಳ್ಳುತ್ತದೆ, ಬೀಗದ ಕೈ ಯಾರ ಸೊಂಟದಲ್ಲಿರುತ್ತದೆ, ಇವೆಲ್ಲ ಗೊತ್ತಿರಲಿ. ಆಮೇಲೆ, ಆ ನಾಲ್ಕು ಮಂಚಗಳ ಹಾಗೆ, ಒಂದೇ ಒಂದು ಲೆಕ್ಕ ತಪ್ಪುವಂತೆ ಮಾಡಿ.

ನಾನೂ ಹಿಂದೊಮ್ಮೆ ಇಂಥ ಕಥೆ ಬರೆದು ಅಣ್ಣನ ಮಗಳಿಗೆ ಓದಿ ಹೇಳಿದ್ದೆ. ಹಾರುವ ಮೆಟ್ಟಿಲು ಬಂದಾಗ ಆಕಳಿಸಿದಳು. ಅಟ್ಟದ ಮೇಲೆ ಐದು ಉಪ್ಪಿನಕಾಯಿ ಭರಣಿಗಳಿದ್ದವು, ಬೆಳಗ್ಗೆ ಎಣಿಸಿದರೆ ಆರು ಎಂಬಲ್ಲಿ ಎದ್ದು ಕೂತಳು. "ಚಿಕ್ಕಪ್ಪ, ಆರನೆಯದರಲ್ಲಿ ಏನಿದೆ?"

ನನಗೂ ಗೊತ್ತಿರಲಿಲ್ಲ. ಹಾರುವ ಮೆಟ್ಟಿಲನ್ನು ಮಾತ್ರ ಅಂದು ರಾತ್ರಿಯೇ ಹೊಡೆದುಹಾಕಿದೆ.