ಮನುಷ್ಯರೂ ಡೈನೋಸಾರ್‌ಗಳೂ ಒಂದೇ ಕಾಲದಲ್ಲಿ ಬದುಕಿದ್ದರೇ?

ಬದುಕಿರಲಿಲ್ಲ. ಮಗನ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಈ ವಿಷಯವನ್ನು ಆರಿಸಿ, ಬಳ್ಳಾರಿ ಬಳಿಯ ಸಂಗನಕಲ್ಲು ಗುಡ್ಡದ ಬಂಡೆಯಲ್ಲಿ ನೀವು ಕಂಡ ಉದ್ದ ಕತ್ತಿನ ಪ್ರಾಣಿಯ ಚಿತ್ರವನ್ನು ಸಾಕ್ಷಿಯಾಗಿಟ್ಟು, ‘ಹೌದು’ ಮತ್ತು ‘ಇಲ್ಲ’ ಎರಡೂ ವಾದಗಳನ್ನು ತೋರಿಸಬೇಕೆಂದಿರುವುದಾಗಿ ನೀವು ಬರೆದದ್ದನ್ನು ಓದಿದಾಗ, 1994ರಲ್ಲಿ ಹತ್ತನೆಯ ತರಗತಿಯಲ್ಲಿದ್ದ ನನ್ನನ್ನೇ ನೋಡಿದಂತಾಯಿತು.

ನಮ್ಮೂರು ಬಳ್ಳಾರಿ ಸೀಮೆಯ ಕುಡತಿನಿಗೆ ಹತ್ತಿರ. ಅಲ್ಲಿಯ ಬೂದಿದಿಬ್ಬವನ್ನು ಹಿರಿಯರು ಯಾವನೋ ರಾಕ್ಷಸನನ್ನು ಸುಟ್ಟ ಬೂದಿಯೆನ್ನುತ್ತಿದ್ದರು. ಮಳೆಗೆ ಕೊರೆದುಹೋದ ಅದರ ಅಂಚಿನಲ್ಲಿ ಒಂದು ದಿನ ಒಂದೂವರೆ ಗೇಣಿನ ಮೂಳೆಯೊಂದು ಹೊರಚಾಚಿಕೊಂಡಿತ್ತು. ಅದನ್ನು ಕಿತ್ತು ತಂದೆ. ವಿಜ್ಞಾನ ಓದಿದವನೆಂಬ ಹಮ್ಮಿನಲ್ಲಿ ರಾಕ್ಷಸನ ಜಾಗಕ್ಕೆ ಡೈನೋಸಾರನ್ನು ತಂದು ಕೂರಿಸಿದೆ, ಅಷ್ಟೇ ವ್ಯತ್ಯಾಸ. ದಿಬ್ಬದ ಸುತ್ತ ಮಡಕೆಯ ಚೂರುಗಳೂ ಇದ್ದುದರಿಂದ, ಮಡಕೆ ಮಾಡಿದವರೂ ಡೈನೋಸಾರೂ ಒಟ್ಟಿಗಿದ್ದರೆಂಬುದು ನನ್ನ ಸಿದ್ಧಾಂತವಾಯಿತು.

ಮೂಳೆಯನ್ನು ತಪ್ಪಾಗಿ ಗುರುತಿಸಿದ್ದು ಹುಡುಗುತನ, ಅದನ್ನು ಕ್ಷಮಿಸಬಹುದು. ನನಗೆ ಜಿಲ್ಲಾ ಮಟ್ಟದ ಆಯ್ಕೆಯನ್ನು ತಪ್ಪಿಸಿದ್ದು ಅದರ ಹಿಂದೆ ತೂಗುಹಾಕಿದ್ದ ಚಾರ್ಟು. ಭೂಮಿಯ ಹುಟ್ಟು, ಮೀನು, ಡೈನೋಸಾರ್, ಮನುಷ್ಯ, ವಿಜಯನಗರ ಎಂದು ಒಂದೊಂದಕ್ಕೂ ಅಂಗೈಯಗಲದ ಚೌಕ ಬಿಡಿಸಿ, ಅಕ್ಕಪಕ್ಕದಲ್ಲಿ ಜೋಡಿಸಿದ್ದೆ. ಹಾಗೆ ಜೋಡಿಸಿದ ಮೇಲೆ ಡೈನೋಸಾರಿನ ಬಾಲ ಮನುಷ್ಯನ ಚೌಕಕ್ಕೆ ತಾಗುತ್ತಿತ್ತು, ಮತ್ತು ತಾಗುತ್ತಿದ್ದುದರಿಂದಲೇ ಅವರಿಬ್ಬರೂ ಭೇಟಿಯಾಗಿರಬೇಕೆಂದು ನಾನು ನಂಬಿದೆ. ನನ್ನ ಕೈಬರಹದ ಚಾರ್ಟೇ ನನಗೆ ಆಧಾರವಾಗಿತ್ತು! ತೀರ್ಪುಗಾರರಾಗಿ ಬಂದಿದ್ದ ಭೂವಿಜ್ಞಾನದ ಅಧ್ಯಾಪಕರು ಮೂಳೆಯನ್ನು ಅಂಗೈಯಲ್ಲಿ ತೂಗಿ, “ಹಗುರವಾಗಿದೆಯಲ್ಲಪ್ಪ, ಇದು ಕಲ್ಲಾಗಿಲ್ಲ, ಎತ್ತಿನ ಮೂಳೆ” ಎಂದರು. ಆಮೇಲೆ ಚಾರ್ಟಿನ ಕಡೆಗೆ ತಿರುಗಿ, “ಒಂದು ಅಂಗುಲಕ್ಕೆ ಎಷ್ಟು ವರ್ಷ?” ಎಂದು ಕೇಳಿದರು. ಅಂಥ ಅಳತೆಯೊಂದು ಇರಬೇಕೆಂಬುದೇ ನನಗೆ ಹೊಳೆದಿರಲಿಲ್ಲ.

ಅಳತೆಯನ್ನು ಹೀಗಿಟ್ಟುಕೊಳ್ಳಿ: ಒಂದು ಲಕ್ಷ ವರ್ಷಕ್ಕೆ ಒಂದು ಮಿಲಿಮೀಟರ್. ನಮ್ಮಂಥ ಮನುಷ್ಯರ, ಅಂದರೆ ಹೋಮೋ ಸೇಪಿಯನ್ಸ್ ಪ್ರಭೇದದ, ಅತಿ ಹಳೆಯ ಪಳೆಯುಳಿಕೆಗಳು, ಮೊರಾಕ್ಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕವು, ಸುಮಾರು 3 ಲಕ್ಷ ವರ್ಷ ಹಳೆಯವು. ಅಂದರೆ 3 ಮಿಲಿಮೀಟರ್. ನಮಗಿಂತ ಹಿಂದಿದ್ದ ಹೋಮೋ ಕುಲದ ಬೇರೆ ಪ್ರಭೇದಗಳನ್ನೆಲ್ಲ ಸೇರಿಸಿದರೂ 28 ಮಿಲಿಮೀಟರಿನ ಆಸುಪಾಸು. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ, ಅದು 66 ಸೆಂಟಿಮೀಟರ್ ದೂರ. ಅವು ಮೊದಲು ಕಾಣಿಸಿಕೊಂಡದ್ದು ಸುಮಾರು 2.3 ಮೀಟರ್ ದೂರದಲ್ಲಿ. ನನ್ನ ಬೂದಿದಿಬ್ಬಕ್ಕೆ ಹೆಚ್ಚೆಂದರೆ ಐದು ಸಾವಿರ ವರ್ಷ, ಈ ಅಳತೆಯಲ್ಲಿ ಪೆನ್ಸಿಲಿನ ಗೀಟಿಗಿಂತಲೂ ತೆಳು. ಅದು ರಾಕ್ಷಸನ ಬೂದಿಯೂ ಅಲ್ಲ, ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿಯದು. ಅಲ್ಲಿ ದನದ ಮೂಳೆಯಲ್ಲದೆ ಇನ್ನೇನು ಸಿಕ್ಕೀತು?

ಡೈನೋಸಾರ್‌ಗಳೆಲ್ಲವೂ ಒಂದೇ ಕಾಲದವು ಎನ್ನುವುದೂ ಇಂಥದೇ ಚೌಕದ ಭ್ರಮೆ. ಬೆನ್ನ ಮೇಲೆ ಫಲಕಗಳ ಸಾಲಿದ್ದ ಸ್ಟೆಗೊಸಾರಸ್‌ಗೂ ಟಿರನೊಸಾರಸ್‌ಗೂ ನಡುವೆ ಎಂಟು ಕೋಟಿ ವರ್ಷಗಳ ಅಂತರವಿದೆ; ಆ ಲೆಕ್ಕದಲ್ಲಿ ಟಿರನೊಸಾರಸ್ ನಮಗೇ ಹೆಚ್ಚು ಹತ್ತಿರ.

ಇನ್ನು ನಿಮ್ಮ ಗುಡ್ಡದ ವಿಚಾರ. ಸಂಗನಕಲ್ಲು–ಕಪ್ಪಗಲ್ಲಿನ ಬಂಡೆಗಳಲ್ಲಿ ಕುಟ್ಟಿ ಮೂಡಿಸಿದ ಚಿತ್ರಗಳಲ್ಲಿ ಹೆಚ್ಚಿನವು ಡುಬ್ಬದ ಗೂಳಿಗಳು. ಸಾವಿರಾರು ವರ್ಷ ಬಿಸಿಲು ಮಳೆ ತಿಂದ ಬಂಡೆಯಲ್ಲಿ, ಒಬ್ಬರ ಗೀಟಿನ ಮೇಲೆ ಇನ್ನೊಬ್ಬರು ಕುಟ್ಟಿದ ಕಡೆ, ಗೂಳಿಗೆ ಉದ್ದ ಕತ್ತು ಬೆಳೆದರೆ ಆಶ್ಚರ್ಯವಿಲ್ಲ. ನಮ್ಮ ಸೀಮೆಯ ಗ್ರಾನೈಟು ನೆಲದಾಳದಲ್ಲಿ ಕರಗಿದ ಶಿಲೆ ತಣ್ಣಗಾಗಿ ಆದದ್ದು, ವಯಸ್ಸು ಸುಮಾರು 250 ಕೋಟಿ ವರ್ಷ. ಅದರೊಳಗೆ ಪಳೆಯುಳಿಕೆ ಇರುವುದು ಸಾಧ್ಯವೇ ಇಲ್ಲ. ಡೈನೋಸಾರಿನ ಮೂಳೆ ಬೇಕಿದ್ದರೆ ಆ ಕಾಲದ ಕೆಸರು, ಮರಳು ಗಟ್ಟಿಯಾದ ಕಲ್ಲಿರುವ ಕಡೆ ಹೋಗಬೇಕು: ಜಬಲ್ಪುರದಲ್ಲಿ 1828ರಲ್ಲೇ ಸಿಕ್ಕಿತ್ತು, ಗುಜರಾತಿನ ರೈಯೋಲಿಯಲ್ಲಿ ಮೊಟ್ಟೆಗಳೂ ಸಿಕ್ಕಿವೆ.

ಆದ್ದರಿಂದ ‘ಎರಡೂ ವಾದ’ ಎಂಬ ನಿಮ್ಮ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಎರಡು ಕಡೆಗಳಿರುವ ಪ್ರಶ್ನೆಯಲ್ಲ ಇದು, ಮತ್ತು ಮಕ್ಕಳೆದುರು ಇಲ್ಲದ ಜಗಳವನ್ನು ಹುಟ್ಟಿಸುವುದನ್ನು ನ್ಯಾಯವೆಂದು ಕರೆಯಲಾಗದು. ಹಕ್ಕಿಗಳು ಡೈನೋಸಾರ್ ವಂಶದ ಉಳಿದ ಕವಲೆಂದು ವಿಜ್ಞಾನಿಗಳು ಒಪ್ಪಿರುವುದರಿಂದ, ನಿಮ್ಮ ಹಿತ್ತಲ ಕೋಳಿಯನ್ನು ತೋರಿಸಿ ‘ಹೌದು’ ಎಂದು ಹೇಳಿಸಬಹುದು, ಅದು ಚೆನ್ನಾಗಿಯೂ ಇರುತ್ತದೆ. ಆದರೆ ಮೊದಲು ಅಳತೆ ಕಲಿಸಿ. ಶಾಲೆಯ ಅಂಗಳದಲ್ಲಿ 25 ಮೀಟರ್ ಹಗ್ಗ ಎಳೆಸಿರಿ. ಆ ತುದಿಯಲ್ಲಿ ಗುಡ್ಡದ ಒಂದು ಗ್ರಾನೈಟು ಕಲ್ಲನ್ನಿಡಿ, ಈ ತುದಿಯಲ್ಲಿ ಮಗನನ್ನು ನಿಲ್ಲಿಸಿ, ಅವನಿಂದ ಒಂದೂವರೆ ಮೊಳದಷ್ಟರಲ್ಲಿ ಡೈನೋಸಾರ್‌ಗಳ ಕೊನೆಯ ಗುರುತು ಹಾಕಿಸಿ. ಖರ್ಚು ಹಗ್ಗದ್ದು ಮಾತ್ರ.

ಬೂದಿದಿಬ್ಬದಿಂದ ಮಾತ್ರ ಏನನ್ನೂ ಎತ್ತಿಕೊಂಡು ಬರಬೇಡಿ. ನಾನು ಆ ಮೂಳೆಯನ್ನು ಮರುವಾರವೇ ಒಯ್ದು ಅಲ್ಲಿಟ್ಟೆನಾದರೂ, ಅಷ್ಟರಲ್ಲಿ ಇನ್ನೊಂದು ಮಳೆ ಬಂದು ಅಂಚು ಕುಸಿದಿತ್ತು. ಯಾವ ಪದರದಿಂದ ಅದನ್ನು ಕಿತ್ತಿದ್ದೆನೆಂಬುದು ನನಗೇ ತಿಳಿಯಲಿಲ್ಲ.